ಬಿಚ್ಚಿದವನು ಕೂಡಿಸಬಾರದು

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಾಗೇವಾಡಿ ಸೀಮೆಯಲ್ಲಿ ಅದೇನು ದೊಡ್ಡ ಮಾತಲ್ಲ, ನಮ್ಮೂರು ಮಸೂತಿಯ ಯಾವ ಮನೆಯಲ್ಲೂ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ನಮ್ಮ ಮನೆಯ ವಿಶೇಷವೆಂದರೆ, ಎತ್ತುಗಳನ್ನು ಮಾರಿದ ಮೇಲೂ ಆ ರಜೆ ಉಳಿದುಕೊಂಡದ್ದು. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರತೊಡಗಿ, ದನದ ಮನೆ ಖಾಲಿಯಾಗಿ, ಅಲ್ಲಿ ಸಿಂದಗಿಯ ವಕೀಲರೊಬ್ಬರಿಂದ ಕೊಂಡ ಹಳೆಯ ಅಂಬಾಸಿಡರ್ ಕಾರು ಬಂದು ನಿಂತಿತು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಅದರ ಮುಖಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದು, ಅಪ್ಪನನ್ನೂ ಕಾಕಾನನ್ನೂ ಎದುರಿಗೆ ನಿಲ್ಲಿಸಿಕೊಂಡು ಅಪ್ಪಣೆ ಕೊಟ್ಟಳು.

"ಎತ್ತಿನ ಜಾಗಾದಾಗ ನಿಂತೈತಿ. ಎತ್ತಿಗಿದ್ದ ಸೂಟಿ ಇದಕ್ಕೂ ಐತಿ. ಸೋಮಾರ ಗಾಡಿ ಹೊರಗ ಬೀಳಬಾರದು."

ಅಣ್ಣ ತಮ್ಮ ಇಬ್ಬರೂ ನಕ್ಕರು. ಆದರೆ ಆಯಿಯ ಮಾತು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೇಗೂ ಗಾಡಿ ನಿಲ್ಲುವ ದಿನ, ಅಂದೇ ಅದರ ರಿಪೇರಿಯೂ ಆಗಲಿ ಎಂದು ಕಾಕಾ ಹೇಳಿದ. ಹೀಗೆ ಸೋಮವಾರವೆಂದರೆ ನಮಗೆ ಸೀಮೆಎಣ್ಣೆಯ ವಾಸನೆ, ಗ್ರೀಸಿನ ಕೈ ಮತ್ತು ಸಂಜೆಯ ಗೋಧಿ ಹುಗ್ಗಿ ಎಂದಾಯಿತು.

ದನದ ಮನೆ ಅಡಿಗೆ ಮನೆಗೆ ಹತ್ತಿಕೊಂಡೇ ಇತ್ತು. ನಡುವೆ ಎದೆಮಟ್ಟದ ಗೋಡೆ. ಈಚೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಆಚೆ ಕಾಕಾ ಸುತ್ತಿಗೆಯಿಂದ ಬಡಿಯುವ ಸಪ್ಪಳ. ಮೇವು ಹಾಕುತ್ತಿದ್ದ ಗ್ವಾದಲಿಯೊಳಗೆ ಈಗ ನಟ್ಟು ಬಿಗಿಯುವ ಪಾನಾ, ಇಕ್ಕಳ, ಜಾಕು, ಹರಕು ಬನಿಯನ್ನುಗಳು ಇರುತ್ತಿದ್ದವು. ಗಂಜಲ ಹರಿದು ಹೋಗುತ್ತಿದ್ದ ಕಾಲುವೆಯನ್ನು ಅಗೆದು, ಮನುಷ್ಯ ಅಂಗಾತ ಮಲಗುವಷ್ಟು ಗುಂಡಿ ಮಾಡಿಕೊಂಡಿದ್ದರು. ಬಾಗೇವಾಡಿಯಲ್ಲಿ ಗ್ಯಾರೇಜು ಇರಲಿಲ್ಲವೆಂದಲ್ಲ. ತಮ್ಮ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಇಬ್ಬರಿಗೂ ಮನಸ್ಸಿಗೆ ಒಗ್ಗುತ್ತಿರಲಿಲ್ಲ, ಅಷ್ಟೆ. ಪ್ಲಗ್ಗು ತೆಗೆದು ಕರಿ ಉಜ್ಜಿ ಹಾಕುವುದು, ಹರಿದ ಫ್ಯಾನ್ ಬೆಲ್ಟು ಬದಲಿಸುವುದು, ಕಾರ್ಬೋರೇಟರ್ ಬಿಚ್ಚಿ ಊದಿ ಕಸ ತೆಗೆಯುವುದು, ಸೋರುವ ರೇಡಿಯೇಟರಿನ ಪೈಪು ಕಿತ್ತು ಹೊಸದು ಹಾಕುವುದು, ಎಲ್ಲವೂ ಅಲ್ಲೇ ನಡೆಯುತ್ತಿತ್ತು. ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಅಗಲವಾದ ಪಾತ್ರೆ ಬೇಕು. ಅದಕ್ಕೆ ಅವ್ವನ ಪರಾತಕ್ಕಿಂತ ಒಳ್ಳೆಯದು ಯಾವುದಿದೆ? ಅವ್ವ ರೊಟ್ಟಿ ಹಿಟ್ಟು ನಾದುವ ಹಿತ್ತಾಳೆಯ ಪರಾತ ಸೋಮವಾರ ಬೆಳಿಗ್ಗೆ ಮಾಯವಾಗುತ್ತಿತ್ತು.

"ಸಂಗಪ್ಪಾ, ನನ್ನ ಪರಾತ ಎಲ್ಲಿ?"

"ಪೂಜಾಕ ಕುಂತೈತಿ ವೈನಿ. ಮುಟ್ಟಬ್ಯಾಡ್ರಿ."

"ನಾಳಿ ರೊಟ್ಯಾಗ ಸೀಮೆಎಣ್ಣಿ ವಾಸನಿ ಬಂದ್ರ ನಿನ್ನ ತಾಟಿಗೇ ಹಾಕತೇನಿ ನೋಡು."

ವಾಸನೆ ಬಂದೇ ಬರುತ್ತಿತ್ತು, ಕಾಕಾ ಅದೇ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಚಪ್ಪರಿಸಿ ತಿನ್ನುತ್ತಿದ್ದ. ಈ ಜಗಳ ವಾರವಾರವೂ ಆಗುತ್ತಿತ್ತು. ಆಗದಿದ್ದರೆ ಅವ್ವನಿಗೇ ಏನೋ ಕಳೆದುಕೊಂಡ ಹಾಗೆ. ನನ್ನ ಬಾಲ್ಯದ ಸುಖ ಎಲ್ಲಿತ್ತೆಂದು ಯಾರಾದರೂ ಕೇಳಿದರೆ ನಾನು ಈ ಎದೆಮಟ್ಟದ ಗೋಡೆಯ ಮೇಲಿನ ಜಗಳವನ್ನೇ ತೋರಿಸುತ್ತೇನೆ.

ಕೆಲಸಕ್ಕೆ ಒಂದು ಪದ್ಧತಿ ಇತ್ತು. ಅದು ಸತ್ತುಹೋದ ಮುತ್ಯಾ ಬಾವಿಯ ಪಂಪು ರಿಪೇರಿ ಮಾಡುವಾಗ ಇಬ್ಬರು ಮಕ್ಕಳಿಗೂ ಕಲಿಸಿದ್ದು. ಬಿಚ್ಚಿದವನು ಕೂಡಿಸಬಾರದು. ಬಿಚ್ಚಿದವನ ಕಣ್ಣಿಗೆ ಎಲ್ಲ ಗೊತ್ತಿದ್ದಂತೆ ಅನ್ನಿಸಿಬಿಡುತ್ತದೆ, ಹೊಸ ಕೈ ಬಿದ್ದರೆ ಮಾತ್ರ ಹಳೆಯ ಕೈಯ ತಪ್ಪು ಸಿಗುತ್ತದೆ ಎಂಬುದು ಮುತ್ಯಾನ ಲೆಕ್ಕ. ಹಾಗಾಗಿ ಬಿಚ್ಚುವುದು ಯಾವಾಗಲೂ ಕಾಕಾ, ಕೂಡಿಸುವುದು ಯಾವಾಗಲೂ ಅಪ್ಪ. ಕಾಕಾನಿಗೆ ಅವಸರ, ತುಕ್ಕು ಹಿಡಿದ ನಟ್ಟನ್ನೂ ಬೈದು ಬೈದು ಬಿಚ್ಚುತ್ತಿದ್ದ. ಅಪ್ಪನದು ನಿಧಾನ. ಪ್ರತಿ ಸಾಮಾನನ್ನೂ ಬೆಳಕಿಗೆ ಹಿಡಿದು, ಒರೆಸಿ, ಒಳಗೆ ಕೂಡಿಸಿ, ಬಿಗಿದು, ಬಿಗಿದದ್ದನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದ. ಅಣ್ಣ ತಟ್ಟಿದನೆಂದರೆ ಕಾಕಾನಿಗೆ ಅಲ್ಲಿಗೆ ಮುಗಿಯಿತು. "ಅಣ್ಣ ಕೂಡಿಸ್ಯಾನ" ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಏನೋ ದೇವರೇ ಕೂಡಿಸಿದಂತೆ.

ಕಾಕಾನಿಗೆ ಮದುವೆಯಾಗಿ ಕಾಕು ನಾಲತವಾಡದಿಂದ ಬಂದಾಗ ಆಕೆಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಹೆಸರು ಶಾಂತಾ, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ದನದ ಮನೆಯ ಬಾಗಿಲಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತು, ಗಂಡನನ್ನು ಮೆಲ್ಲಗೆ ಕೇಳುತ್ತಿದ್ದಳು: ಇದು ಯಾಕ ಹಿಂಗೈತಿ, ಅದನ್ನ ಹಾಕದಿದ್ರ ಏನಾಗತೈತಿ. ಅಪ್ಪನೆದುರು ಮಾತಾಡುವ ಹಾಗಿರಲಿಲ್ಲ, ಗಂಡನ ಅಣ್ಣನಲ್ಲವೇ. ಆದರೂ ಅಪ್ಪ ಆಕೆಯ ಪ್ರಶ್ನೆಗಳಿಗೆ ಗಾಡಿಯ ಕೆಳಗಿನಿಂದಲೇ, ಯಾರಿಗೋ ಹೇಳುವಂತೆ ಉತ್ತರ ಕೊಡುತ್ತಿದ್ದ. ನಮ್ಮ ಮನೆಯಲ್ಲಿ 'ಯಾಕೆ' ಎಂದು ಕೇಳುವ ಹೆಂಗಸು ಅವಳೊಬ್ಬಳೇ. ನಾನು ಅವಳ ಬೆನ್ನಿಗೇ ಬಿದ್ದಿರುತ್ತಿದ್ದೆ.

ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಕರೆದೊಯ್ಯಲು ಕಾಕುವಿನ ಅಣ್ಣ ಮಂಗಳವಾರ ಬರುವವನಿದ್ದ. ಬಾಗೇವಾಡಿ ಬಸ್ ಸ್ಟ್ಯಾಂಡಿನಿಂದ ಅವನನ್ನು ಕಾರಿನಲ್ಲಿ ತರಬೇಕೆಂದು ಕಾಕಾನ ಆಸೆ. ಬೀಗರ ಮುಂದೆ ಗಾಡಿ ಕಿರುಗುಟ್ಟಬಾರದು. ಮುಂದಿನ ಎಡಗಾಲಿಯ ಬ್ರೇಕು ಸವೆದು ಕೆಲವು ದಿನದಿಂದ ಕರ್ರೆನ್ನುತ್ತಿತ್ತು. ವಿಜಾಪುರದಿಂದ ಹೊಸ ಲೈನರ್ ತಂದಿಟ್ಟಿದ್ದರು. ಸೋಮವಾರ ಊಟ ಮಾಡಿ ಕೆಲಸಕ್ಕೆ ಕೂತರು.

ಕಾಕಾ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕು ಏರಿಸಿ, ಗಾಲಿ ಬಿಚ್ಚಿದ. ಬ್ರೇಕಿನ ಡ್ರಮ್ಮು ಜಗ್ಗಲಿಲ್ಲ. ಕಟ್ಟಿಗೆಯ ತುಂಡು ಇಟ್ಟು ಸುತ್ತಲೂ ಬಡಿದು ಬಡಿದು ಅದನ್ನು ಹೊರಗೆಳೆದ. ಹಳೆಯ ಲೈನರು ಕಿತ್ತು ಪರಾತದಲ್ಲಿಟ್ಟು, ಅಣ್ಣಾ ನಿನ್ನ ಪಾಳಿ ಎಂದು, ಮೈ ತೊಳೆಯಲು ಬಾವಿಗೆ ಹೋದ. ಅಪ್ಪ ಹೊಸದನ್ನು ಕೂಡಿಸುವಾಗ ಒಂದು ಸ್ಪ್ರಿಂಗು ಹಾರಿ ಹುಲ್ಲಿನೊಳಗೆ ಬಿತ್ತು. ಅದನ್ನು ಹುಡುಕುವುದರಲ್ಲೇ ಹೊತ್ತು ಇಳಿಯಿತು. ಸಿಕ್ಕ ಮೇಲೆ ಅಪ್ಪ ಎಲ್ಲ ಕೂಡಿಸಿ, ಡ್ರಮ್ಮು ಹಾಕಿ, ಗಾಲಿ ಏರಿಸಿ, ನಟ್ಟುಗಳನ್ನು ಕೈಯಿಂದ ತಿರುಗಿದಷ್ಟು ತಿರುಗಿಸಿ, ಜಾಕು ಇಳಿಸಿದ. ಗಾಲಿ ನೆಲಕ್ಕೆ ಊರಿದ ಮೇಲೆ ಪಾನಾ ಹಾಕಿ, ಕಾಲಿನಿಂದ ಒತ್ತಿ ಬಿಗಿಯಬೇಕು. ಅದೊಂದು ಉಳಿದಿತ್ತು. ಆಗ ಆಯಿಯ ದನಿ ಬಂತು.

"ದೀಪ ಹಚ್ಚೇನಿ. ಕೈಯಾಗಿನ ಕಬ್ಬಿಣ ಕೆಳಗಿಡ್ರಿ."

"ಒಂದೀಟು ಬಿಗದು ಬರ್ತೇನಿ ಅವ್ವಾ."

"ದೇವರನ್ನ ಕಾಯಸ್ತೀ? ಮುಂಜಾನಿಂದ ಉಪವಾಸ ಅದೇನಿ. ನಾಳಿ ಹೊತ್ತು ಹೊಂಡೂದಿಲ್ಲೇನು?"

ಸೋಮವಾರ ದೀಪ ಹಚ್ಚಿದ ಮೇಲೆ ಕಬ್ಬಿಣ ಮುಟ್ಟಬಾರದು ಎನ್ನುವುದೂ ಆಯಿಯದೇ ಕಟ್ಟಳೆ. ಅಪ್ಪ ಪಾನಾವನ್ನು ಗ್ವಾದಲಿಯೊಳಗಿಟ್ಟು ಕೈ ತೊಳೆದುಕೊಂಡು ದೇವರ ಜಗಲಿಯ ಮುಂದೆ ಬಂದ. ಬಾವಿಯಿಂದ ಬಂದ ಕಾಕಾ ಒದ್ದೆ ತಲೆಯಲ್ಲೇ ನೇರ ಅಲ್ಲಿಗೆ ಬಂದು ಕೈ ಮುಗಿದ. ಊಟಕ್ಕೆ ಕೂತಾಗ ಮಾತೆಲ್ಲ ಬೀಗರಿಗೆ ಏನು ಅಡಿಗೆ ಎನ್ನುವುದರ ಬಗ್ಗೆ. ಕಾಕಾ ಹೊರಡುವುದು ಮಧ್ಯಾಹ್ನ. ಅಷ್ಟರೊಳಗೆ ಹೊಲದಿಂದ ಬಂದು ಬಿಗಿದರಾಯಿತು ಎಂದು ಅಪ್ಪ ಲೆಕ್ಕ ಹಾಕಿದ್ದ. ಹುಗ್ಗಿಗೆ ತುಪ್ಪ ಬಡಿಸುತ್ತಿದ್ದ ಮನೆಯಲ್ಲಿ ಗಾಲಿಯ ಮಾತು ಯಾಕೆ ಎತ್ತುತ್ತಾನೆ?

ಮರುದಿನ ಅಪ್ಪನದು ಕಾಲುವೆ ನೀರಿನ ಪಾಳಿ, ಬೆಳಗಾಗುತ್ತಲೇ ಹೊಲಕ್ಕೆ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಕಿರಾಣಿ ಅಂಗಡಿಯ ಫೋನಿಗೆ ಸುದ್ದಿ ಬಂತು. ಕಾಕುವಿನ ಅಣ್ಣ ಮುಂಜಾನೆಯ ಬಸ್ಸನ್ನೇ ಹಿಡಿದಿದ್ದಾನೆ. ಕಾಕಾ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಕನ್ನಡಿಯಲ್ಲಿ ಮೀಸೆ ನೋಡಿಕೊಂಡು, ಗಾಡಿ ತೆಗೆದ. ಕಾಕು ಬಾಗಿಲತನಕ ಹೋಗಿ ಅವನೊಡನೆ ಏನೋ ಮಾತಾಡಿದಳು, ಅವನು ನಕ್ಕದ್ದು ನನಗೆ ಕೇಳಿಸಿತು. ಏನು ಮಾತೆಂದು ಆಗ ಕೇಳಿಸಲಿಲ್ಲ.

ನಾನು ಶಾಲೆಗೆ ಹೋಗಲು ಅವ್ವನ ಮುಂದೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅಪ್ಪ ಹೊಲದಿಂದ ಬಂದು, ಕೆಸರುಗಾಲಲ್ಲೇ ನೇರ ದನದ ಮನೆಗೆ ಹೋದ. ಹೋದವನು ಹಾಗೇ ಹೊರಗೆ ಬಂದ, ಕೈಯಲ್ಲಿ ಪಾನಾ. ಬಂದವನು ಓಡತೊಡಗಿದ. ಧೋತರ ಮೇಲೆ ಕಟ್ಟಿ, ಬರಿಗಾಲಲ್ಲಿ, ಓಣಿಯ ಜನರ ನಡುವೆ, ಬಾಗೇವಾಡಿಯ ದಾರಿ ಹಿಡಿದು. ಅಪ್ಪ ಓಡುವುದನ್ನು ನಾನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ. ನನಗೆ ನಗು ಬಂತು. ಅವ್ವನೂ ನಕ್ಕಳು. ಇಬ್ಬರೂ ನಕ್ಕೆವು.

ಊರಿಂದಾಚೆ ಹಳ್ಳದ ಸಣ್ಣ ಸೇತುವೆಯ ತಿರುವಿನಲ್ಲಿ ಗಾಲಿ ಕಳಚಿ, ಗಾಡಿ ಹಳ್ಳಕ್ಕೆ ಉರುಳಿ ಬಿದ್ದಿತ್ತು. ಕಾಕಾನ ಜೀವ ಅಲ್ಲಿಯೇ ಹೋಗಿತ್ತು. ಯಾರದೋ ಸೈಕಲ್ಲು ಕಿತ್ತುಕೊಂಡು ತುಳಿದು ಎಲ್ಲರಿಗಿಂತ ಮೊದಲು ಅಲ್ಲಿಗೆ ಮುಟ್ಟಿದವನು ಅಪ್ಪ.

ನಮ್ಮ ಪದ್ಧತಿಯಂತೆ ಕಾಕಾನನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹೂವು. ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಗಂಡನ ಹಾದಿ ಕಾದು ಕಾದು ಬೇಸತ್ತು, ಸುದ್ದಿ ತಿಳಿದು ಯಾವುದೋ ಟೆಂಪೋ ಹತ್ತಿ ಬಂದ ಕಾಕುವಿನ ಅಣ್ಣ ಮೊದಲು ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಕೂತ ಮಂದಿಯ ನಡುವೆ ನೇರವಾಗಿ ಕೇಳಿದ.

"ಗಾಲಿ ಹೆಂಗ ಕಳಚಿತು? ಯಾರು ಬಿಗದಿದ್ರು?"

ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನು ತಲೆ ಎತ್ತುವಷ್ಟರಲ್ಲಿ ಆಯಿ ಮಾತಾಡಿದಳು. ಅಳುತ್ತಿದ್ದವಳು ಅಳು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸಂಗಪ್ಪ ತಾನ ಬಿಗದ. ಇವತ್ತ ಮುಂಜಾನಿ, ನನ್ನ ಕಣ್ಣ ಮುಂದ. ಅಣ್ಣ ಬರೂತನ ತಡೀಯೋ ಅಂದ್ರ ಕೇಳಲಿಲ್ಲ. ಬಿಚ್ಚಿದವ ಕೂಡಿಸಬಾರದಂತ ಅವರಪ್ಪ ಬಡಕೊಂಡಿದ್ದ, ಅದನ್ನೂ ಕೇಳಲಿಲ್ಲ. ಪಾನಾ ಸೈತ ಮನ್ಯಾಗ ಬಿಟ್ಟು ಹೋದ. ಅದನ್ನ ಕೊಡಾಕಂತ ದೊಡ್ಡಾವ ಪಾಪ ಓಡಿದ."

ಎಲ್ಲವೂ ಸರಿಹೋಯಿತು. ಅಪ್ಪ ಪಾನಾ ಹಿಡಿದು ಓಡಿದ್ದನ್ನು ಊರೇ ನೋಡಿತ್ತು, ಅದಕ್ಕೆ ಕಾರಣ ಸಿಕ್ಕಿತು. ಕಾಕಾನ ಅವಸರವೂ ಊರಿಗೆ ಗೊತ್ತಿದ್ದದ್ದೇ. "ಹೌದ್ರಿ, ಹುಡುಗ ಸ್ವಲ್ಪ ಉಡಾಳ" ಎಂದು ಯಾರೋ ನಿಟ್ಟುಸಿರು ಬಿಟ್ಟರು. ಅಪ್ಪ ತನ್ನ ತಾಯಿಯ ಮುಖ ನೋಡಿದ. ಆಯಿ ಅವನ ಕಡೆ ನೋಡಲಿಲ್ಲ. ಅಪ್ಪ ಮತ್ತೆ ತಲೆ ತಗ್ಗಿಸಿದ. ಅಂದು ಅವನು ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ನಮ್ಮ ಕಡೆ ಗಂಡಸರು ಸತ್ತ ಮನೆಯಲ್ಲಿ ಬಾಯಿಬಿಟ್ಟು, ಸತ್ತವನ ಹೆಸರು ಹಿಡಿದು ಅಳುತ್ತಾರೆ. ಒಬ್ಬನೇ ತಮ್ಮನನ್ನು ಕಳೆದುಕೊಂಡವನು ಹೀಗೆ ಗಟ್ಟಿಯಾಗಿ ಕೂತದ್ದನ್ನು ಕಂಡು ಮಂದಿ ಅವನ ಧೈರ್ಯವನ್ನು ಹೊಗಳಿದರು.

ಕಾಕು ಮಾತ್ರ ಆಯಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಆಯಿ ಎದ್ದು ಬಂದು ಅವಳ ರಟ್ಟೆ ಹಿಡಿದು ಜೋಳದ ಚೀಲ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಹೊರಗೆ ಬಂದಾಗ ಕಾಕುವಿನ ಬಾಯಿ ಮುಚ್ಚಿತ್ತು. ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ, ಪಂಚಮಿಗೆ ಕರೆದೊಯ್ಯಲು ಬಂದಿದ್ದ ಅದೇ ಅಣ್ಣ ಅವಳನ್ನು ನಾಲತವಾಡಕ್ಕೆ ಕರೆದುಕೊಂಡು ಹೋದ. ಅವಳು ನನ್ನ ಗಲ್ಲ ಹಿಡಿದು, ಸಾಲಿ ಬಿಡಬ್ಯಾಡ ಎಂದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅದು ಸೊಸೆಯ ಮರ್ಯಾದೆ ಎಂದು ನಾನು ತಿಳಿದಿದ್ದೆ.

ಜಜ್ಜಿಹೋದ ಗಾಡಿಯನ್ನು ಟ್ರ್ಯಾಲಿಯ ಮೇಲೆ ಹೇರಿಕೊಂಡು ಬಂದು ದನದ ಮನೆಯಲ್ಲಿ ಇಳಿಸಿದರು. ಗುಜರಿಗೆ ಕೊಡು ಎಂದು ಎಲ್ಲರೂ ಹೇಳಿದರು. ಅಪ್ಪ ಕೊಡಲಿಲ್ಲ. ಸೋಮವಾರ ಬಂದರೆ ಒಬ್ಬನೇ ಅದರ ಮುಂದೆ ಕೂರುತ್ತಿದ್ದ. ಮುರಿದ ಆ್ಯಕ್ಸಲ್ಲು, ಒಡೆದ ದೀಪ, ಸೊಟ್ಟಗಾದ ಬಾಗಿಲು, ಒಂದೊಂದನ್ನೇ ಬಿಚ್ಚಿ, ವಿಜಾಪುರದಿಂದ ಹಳೆಯ ಸಾಮಾನು ಹುಡುಕಿ ತಂದು ಕೂಡಿಸುತ್ತಿದ್ದ. ಬಿಚ್ಚುವವನೂ ಅವನೇ, ಕೂಡಿಸುವವನೂ ಅವನೇ. ಅವ್ವ ಹೇಳದೆ ಕೇಳದೆ ಪರಾತವನ್ನು ತಂದು ಗೋಡೆಯ ಮೇಲಿಡುತ್ತಿದ್ದಳು. ಅದನ್ನು ಅಪ್ಪ ಮುಟ್ಟುತ್ತಿರಲಿಲ್ಲ, ಸಾಮಾನನ್ನು ನೆಲದ ಮೇಲೆಯೇ ಇಡುತ್ತಿದ್ದ. ಆಯಿ ಹೊರಸಿನ ಮೇಲೆ ಕೂತು ದೂರದಿಂದ ನೋಡುತ್ತಿದ್ದಳು. ಸಂಜೆಯಾದರೆ ತಾನೇ ಎದ್ದು ದೀಪ ಹಚ್ಚುತ್ತಿದ್ದಳು, ಯಾರನ್ನೂ ಕೂಗುತ್ತಿರಲಿಲ್ಲ. ಅಪ್ಪ ಕತ್ತಲಾಗುವ ತನಕ ಕಬ್ಬಿಣ ಹಿಡಿದು ಕೂತರೂ ಒಂದು ಮಾತೂ ಅನ್ನುತ್ತಿರಲಿಲ್ಲ. ಗೋಧಿ ಹುಗ್ಗಿಯನ್ನು ನಮ್ಮ ಮನೆಯಲ್ಲಿ ಆಮೇಲೆ ಮಾಡಲಿಲ್ಲ.

ಆ ಮನೆಯ ಮೌನ ನನಗೆ ಸೇರಲಿಲ್ಲ. ಮಕ್ಕಳಿಗೆ ಕಾರಣ ತಿಳಿಯದಿದ್ದರೂ ವಾಸನೆ ತಿಳಿಯುತ್ತದೆ. ತಾಯಿ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಬೆಳೆಯುತ್ತ ಹೋದಂತೆ ಬಾಯಿಹರುಕಿಯಾದೆ. ಮನಸ್ಸಿನಲ್ಲಿದ್ದದ್ದನ್ನು ಅಂದೇ ಬಿಡುವುದು, ಯಾರೇ ಮಾಡಿದ ಕೆಲಸವನ್ನು ಇನ್ನೊಮ್ಮೆ ಮುಟ್ಟಿ ನೋಡುವುದು, ಹಿರಿಯರೆಂದು ಬಿಡದಿರುವುದು. ಇಂಡಿಗೆ ಮದುವೆಯಾಗಿ ಹೋದಾಗ ಅತ್ತೆ ಹಾಕಿದ ಬೀಗವನ್ನೂ ನಾನು ಜಗ್ಗಿ ನೋಡುತ್ತಿದ್ದೆ. ಇದೇನು ಚಟ ಎಂದು ಗಂಡ ರೇಗಿಸುತ್ತಿದ್ದ. ಹುಟ್ಟುಗುಣ ಎಂದು ನಾನು ನಗುತ್ತಿದ್ದೆ, ಹುಟ್ಟುಗುಣವೇನೂ ಅಲ್ಲ ಅದು.

ಗಾಡಿ ಮುಗಿಯಲು ವರ್ಷಗಳೇ ಹಿಡಿದವು. ಮುಗಿದ ದಿನ ಅಪ್ಪ ಇಂಜಿನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಕೇಳಿ, ಆರಿಸಿದ. ಒಂದು ದಿನವೂ ಹೊರಗೆ ತೆಗೆಯದೆ ಚಡಚಣದ ದ್ರಾಕ್ಷಿ ತೋಟದವರೊಬ್ಬರಿಗೆ ಕೊಟ್ಟುಬಿಟ್ಟ. ಆಯಿ ಆಮೇಲೂ ಬಹಳ ಕಾಲ ಬದುಕಿದಳು. ಅವಳು ತೀರಿಕೊಂಡಾಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಕಾರ್ಯಕ್ಕೆಂದು ತವರಿಗೆ ಬಂದವಳು, ಅಪ್ಪ ಕಾಣಿಸಲಿಲ್ಲವೆಂದು ಹುಡುಕುತ್ತ ಖಾಲಿ ದನದ ಮನೆಗೆ ಹೋದೆ. ಅವನು ಗುಂಡಿಯ ಅಂಚಿಗೆ ಕೂತಿದ್ದ. ನನ್ನನ್ನು ಕಂಡದ್ದೇ, ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವನಂತೆ ಹೇಳಿದ.

"ಸಂಗಪ್ಪ ಗಾಲಿ ಬಿಗದಿರಲಿಲ್ಲ ಗಿರಿಜಾ. ಬಿಗೀಬೇಕಾದಾವ ನಾನು. ಕೈಲೆ ತಿರುವಿ ಬಿಟ್ಟಿದ್ದೆ. ನಿಮ್ಮ ಆಯಿ ದೀಪಕ್ಕ ಕರದ್ಲು, ಎದ್ದೆ."

"ಆಯಿ ನೋಡೇನಿ ಅಂದ್ಲಲ್ಲಪಾ."

"ಸುಳ್ಳು. ನಾ ಗಾಡಿ ತಂದ ದಿನಾನ ನೋಡಿದೆ. ಬೋಲ್ಟಿನ ಹಲ್ಲು ಒಂದೂ ಮುರದಿರಲಿಲ್ಲ, ಹೊಸಾವು ಇದ್ದಂಗ ಇದ್ದುವು. ಬಿಗದಿದ್ರ ಮುರೀತಿದ್ದುವು. ಸಡ್ಲಿದ್ದುವು, ತಿರುಗಿ ತಿರುಗಿ ಬಿದ್ದುವು."

ನನಗೆ ಸಿಟ್ಟು ಬಂತು. ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. ಆಯಿಯ ಮೇಲೆ ಬಂತು, ಸತ್ತ ಮಗನ ಮೇಲೆ ತಪ್ಪು ಹೊರಿಸಿ ಇದ್ದ ಮಗನನ್ನು ಉಳಿಸಿಕೊಂಡಳಲ್ಲ ಎಂದು. ಮರುಗಳಿಗೆಯಲ್ಲೇ ಆ ಸಿಟ್ಟು ಕರಗಿತು. ಇಬ್ಬರು ಮಕ್ಕಳ ತಾಯಿ ಒಬ್ಬನ ಹೆಣದ ಮುಂದೆ ಕೂತು ಇನ್ನೇನು ಮಾಡಿಯಾಳು? ಕರೆದವಳು ತಾನೇ ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಆದರೆ ಅಪ್ಪನ ಮೇಲಿನ ಸಿಟ್ಟು ಕರಗಲಿಲ್ಲ.

"ಕಾಕುಗ ಹೇಳೀಯೇನು?"

"ಇಲ್ಲ. ಅವ್ವ ಇರೂತನ ಹೆಂಗ ಹೇಳ್ಲಿ. ಅವ್ವನ್ನ ಸುಳ್ಳಿ ಮಾಡಿದಂಗ ಆಕ್ಕಿತ್ತು."

"ಈಗ ಆಯಿ ಇಲ್ಲ. ಏಳು."

ಕಾರ್ಯ ಮುಗಿದ ಮೇಲೆ ಇಬ್ಬರೂ ಬಸ್ಸು ಹತ್ತಿದೆವು. ಮುದ್ದೇಬಿಹಾಳದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಕಾಕು ನಾಲತವಾಡದಲ್ಲಿ ಅಣ್ಣನ ಮನೆಯ ಹೊರಗಿನ ಕೋಣೆಯಲ್ಲಿ ಜಂಪರ್ ಹೊಲಿದುಕೊಂಡು ಇದ್ದಳು. ಕೂದಲು ಬೆಳ್ಳಗಾಗಿತ್ತು. ಅಪ್ಪನನ್ನು ಕಂಡು ಮಷಿನ್ ಬಿಟ್ಟು ಎದ್ದು ಸೆರಗು ಹೊದ್ದಳು, ಕಂಬಳಿ ಹಾಸಿದಳು, ನೀರು ಕೊಟ್ಟಳು. ಅಪ್ಪ ನೀರು ಮುಟ್ಟದೆ, ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಂತೆ ಒಂದೇ ಉಸಿರಿಗೆ ಹೇಳಿದ.

"ಶಾಂತವ್ವ, ಗಾಲಿ ನಾ ಬಿಗೀಬೇಕಾಗಿತ್ತು, ಬಿಗೀಲಿಲ್ಲ. ಸಂಗಪ್ಪ ಮುಟ್ಟೇ ಇಲ್ಲ. ಅವ್ವ ಸುಳ್ಳು ಹೇಳಿದ್ಲು, ನಾ ಸುಮ್ಮನ ಕುಂತೆ."

"ಗೊತ್ತೈತ್ರಿ ಭಾವಾರ."

ಅವಳು ಅವನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಯಾವಾಗ ಗೊತ್ತಾತು?"

"ಅವತ್ತ ಮುಂಜಾನಿನ ಗೊತ್ತಿತ್ತು. ಗಾಡಿ ತಗೀವಾಗ ನಾನ ಅಂದೆ, ನಿನ್ನಿ ಕತ್ತಲಾಗಿತ್ತು, ಒಮ್ಮಿ ಗಾಲಿಗೆ ಪಾನಾ ಹಚ್ಚಿ ನೋಡ್ರಿ ಅಂತ. ಅದಕ ಅವರು ನಕ್ಕರು. ಅಣ್ಣ ಕೂಡಿಸಿದ್ದಕ್ಕ ನಾ ಪಾನಾ ಹಚ್ಚಿದ್ರ ಅಣ್ಣನ ಮ್ಯಾಲೆ ನಂಬಿಕಿ ಇಲ್ಲಂದಂಗ ಆಗತೈತಿ ಅಂದ್ರು. ಹಂಗ ಹ್ವಾದ್ರು."

ಅಪ್ಪ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡ. ನಾನೇ ಕೇಳಿದೆ.

"ಮತ್ತ ಅವತ್ತ ಮಂದ್ಯಾಗ ಯಾಕ ಹೇಳಲಿಲ್ಲ ಕಾಕು?"

"ಹೇಳಾಕ ನಿಂತಿದ್ನೆವಾ. ನಿಮ್ಮ ಆಯಿ ಒಳಗ ಕರಕೊಂಡು ಹೋಗಿ ನನ್ನ ಕಾಲು ಹಿಡದ್ಲು. ಅತ್ತಿ ಆದಾಕಿ ಸೊಸಿ ಕಾಲು ಹಿಡದ್ಲು. ಒಬ್ಬಾವ ಹೋದ, ಇನ್ನೊಬ್ಬನ್ನ ಉಳಸಿಕೊಡು ಅಂದ್ಲು.” ಅವಳು ಅಪ್ಪನ ಕಡೆ ತಿರುಗಿದಳು. “ಗಾಲೀದು ನಾ ಎಂದೋ ಬಿಟ್ಟೇನ್ರಿ ಭಾವಾರ. ಮನಷ್ಯಾ ಮರೀತಾನ. ಆದ್ರ ನನ್ನ ಗಂಡ ತನ್ನ ಉಡಾಳತನಕ್ಕ ತಾನ ಸತ್ತ ಅಂತ ಮಂದಿ ಅಂದ್ರು. ನಮ್ಮಣ್ಣನೂ ಅಂದ. ಅದನ್ನ ಕೇಳಿಕೋತ ಇಲ್ಲಿ ಕುಂತೇನಿ. ನೀವು ಇಂದು ಬರ್ತೀರಿ, ನಾಳಿ ಬರ್ತೀರಿ ಅಂತ ಹಾದಿ ನೋಡಿದೆ. ಅತ್ತಿ ಸಾಯೂತನ ಬರಲಿಲ್ಲ. ಇದನ್ನ ನಾ ಮರಿಯೂದಿಲ್ಲ."

"ಈಗ ಬಂದೇನಲ್ಲವಾ."

"ನನ್ನ ಮುಂದ ಹೇಳಿದ್ರ ಏನಾತ್ರಿ, ನನಗ ಗೊತ್ತಿದ್ದದ್ದ. ಎಲ್ಲಿ ಅವರ ಹೆಸರು ಕೆಡ್ತೋ ಅಲ್ಲಿ ಹೇಳ್ರಿ."

ಚಹಾ ಮಾಡಿ ಕೊಟ್ಟಳು, ಕುಡಿದೆವು. ಹೊರಡುವಾಗ ನನಗೆ ಕುಂಕುಮ ಹಚ್ಚಬೇಕೆಂದು ಅಣ್ಣನ ಹೆಂಡತಿಯನ್ನು ಕರೆದಳು. ತಾನು ದೂರ ನಿಂತಳು. ನನಗೆ ಅದನ್ನು ತಾಳಲಾಗಲಿಲ್ಲ.

ಮಸೂತಿಗೆ ಮರಳಿದ ದಿನ ಸಂಜೆ ಅಪ್ಪ ಮನೆಗೆ ಬರದೆ ಬಸ್ಸಿಳಿದವನೇ ಗುಡಿಯ ಕಟ್ಟೆಗೆ ಹೋದ. ನಾನೂ ಹಿಂದೆಯೇ ಹೋದೆ. ಅಲ್ಲಿ ಒಂದಿಷ್ಟು ಜನ ಕೂತಿದ್ದರು. ಅಂದು ನಮ್ಮ ಪಡಸಾಲೆಯಲ್ಲಿದ್ದ ಹಿರಿಯರಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು. ಉಳಿದ ಒಂದಿಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಹೆಚ್ಚಿನವರು ಮೊಬೈಲು ಹಿಡಿದ ಹುಡುಗರು. ಅಪ್ಪ ಅವರ ಮುಂದೆ ನಿಂತು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಹೇಳಬೇಕಾದದ್ದನ್ನು ಹೇಳಿದ. ಸಂಗಪ್ಪ ಗಾಲಿ ಬಿಗಿದಿರಲಿಲ್ಲ, ತಪ್ಪು ನನ್ನದು, ಊರಿಗೆ ಸುಳ್ಳು ಹೇಳಿದ್ದೆವು, ಅವನ ಹೆಸರು ಕೆಡಿಸಿದ್ದೆವು ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕ ಬಿಸಿಲಲ್ಲಿ ತಿರುಗಾಡಿ ಬಂದಿರಬೇಕೆಂದು ಒಬ್ಬ ಎದ್ದು ಜಾಗ ಬಿಟ್ಟುಕೊಟ್ಟ. ಒಳ್ಳೆಯ ಹುಡುಗನೇ, ಮರ್ಯಾದೆಯಿಂದಲೇ ಕೇಳಿದ.

"ಕೂಡ್ರಿ ಯಜಮಾನ್ರ. ಸಂಗಪ್ಪ ಅಂದ್ರ ಯಾರ್ರಿ?"

ಅಪ್ಪ ಕಟ್ಟೆಯ ಮೇಲೆ ಕೂತ. ನನ್ನ ತಮ್ಮ, ಎಂದ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ. ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು, ನನ್ನ ತಮ್ಮ, ನನ್ನ ತಮ್ಮ ಸಂಗಪ್ಪ ಎಂದು ಬಾಯಿಬಿಟ್ಟು ಅಳತೊಡಗಿದ. ಆ ಹುಡುಗರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಾನು ಅವನ ಪಕ್ಕದಲ್ಲಿ ಕೂತೆ, ಸುಮ್ಮನಿರು ಎಂದು ಹೇಳಲಿಲ್ಲ.